ಹಳ್ಳ ಎಷ್ಟು ಆಳ?

ನಮ್ಮತ್ತೆಯ ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಗೀರು ಇತ್ತು. ಗಾಯದ ಗುರುತಲ್ಲ. ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವ ಟ್ವಿಸ್ಟಿಂಗ್ ಮಿಲ್ಲಿನಲ್ಲಿ ವರ್ಷಗಟ್ಟಲೆ ಎಳೆ ಓಡಿ ಓಡಿ ಆ ಬೆರಳಿನ ಮೇಲೆ ತನಗೊಂದು ದಾರಿ ಮಾಡಿಕೊಂಡಿತ್ತು. ಉಗುರಿನ ಪಕ್ಕದಿಂದ ಹೊರಟು ಓರೆಯಾಗಿ ಕೆಳಗಿಳಿಯುತ್ತಿತ್ತು. ಮುದ್ದೆ ಕಟ್ಟಿದ ದಿನ ಅದರೊಳಗೆ ರಾಗಿಹಿಟ್ಟು ಕೂತು ಕಪ್ಪು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಅವರನ್ನು ಪಡಸಾಲೆಯಲ್ಲಿ ಮಲಗಿಸಿದ್ದ ದಿನ ನಾನು ಮುಖ ನೋಡಲಿಲ್ಲ, ಆ ಬೆರಳನ್ನು ನೋಡಿದೆ. ಅದರಲ್ಲಿ ಹಿಂದಿನ ದಿನದ ಹಿಟ್ಟು ಇನ್ನೂ ಇತ್ತು. ಸೆರಗಿನ ತುದಿಯಿಂದ ಒರೆಸಿದೆ. ಆಮೇಲೆ ಪಕ್ಕದ ಮನೆಯಿಂದ ಬಂದ ಟೀಯನ್ನು ಲೋಟಗಳಿಗೆ ಬಗ್ಗಿಸಿ ಬಂದವರಿಗೆಲ್ಲ ಕೊಟ್ಟೆ.

ಅಳು ಬರಲಿಲ್ಲ. ಬಾಗಿಲ ಹತ್ತಿರ ಕೂತಿದ್ದ ನೆಂಟರೊಬ್ಬರು, "ಸ್ವಂತ ಅಣ್ಣನ ಮಗಳು, ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ ನೋಡಿ" ಎಂದು ಇನ್ನೊಬ್ಬರಿಗೆ ಹೇಳಿದ್ದು ನನಗೆ ಕೇಳಿಸಿತು. ಅವರಿಗೂ ಟೀ ಕೊಟ್ಟೆ. ಸಕ್ಕರೆ ಸಾಕಾ ಎಂದೂ ಕೇಳಿದೆ.

ಅವರು ಹೇಳಿದ್ದು ಸರಿಯೇ. ಅತ್ತೆ ನನಗೆ ಎರಡು ಕಡೆಯಿಂದಲೂ ಅತ್ತೆ. ಅವರು ನಮ್ಮಪ್ಪನ ತಂಗಿ, ನನ್ನ ಗಂಡನ ತಾಯಿ. ಸೂಲಿಬೆಲೆ ಹತ್ತಿರದ ನಮ್ಮೂರಿನಿಂದ ವಿಜಯಪುರಕ್ಕೆ ಮೊದಲು ಅವರು ಸೊಸೆಯಾಗಿ ಹೋದರು, ಕಾಲ ಬಂದಾಗ ಅದೇ ಮನೆಗೆ ನನ್ನನ್ನು ತಂದುಕೊಂಡರು. ನಮ್ಮ ಕಡೆ ಇದೇನು ಹೊಸದಲ್ಲ. ಚಿಕ್ಕಂದಿನಿಂದ ಬಾವ ಬಾವ ಎಂದು ಕರೆದವರೇ ಗಂಡನಾದರು, ಈಗಲೂ ಬಾವ ಎಂದೇ ಕರೆಯುತ್ತೇನೆ. ಮದುವೆಯ ದಿನ ಅತ್ತೆ ನನ್ನ ಕಿವಿಯಲ್ಲಿ, "ನಮ್ಮಣ್ಣನ ಮಗಳು ಅಂತ ತಲೆ ಮೇಲೆ ಕೂರಿಸ್ಕೊಳಲ್ಲ ಕಣೇ, ಕೆಲಸ ಮಾಡ್ಬೇಕು" ಎಂದರು. ಕಿವಿಯಲ್ಲಿ ಹೇಳಿದ್ದು ಅರ್ಧ ಛತ್ರಕ್ಕೆ ಕೇಳಿಸಿ ಜನ ನಕ್ಕರು. ಮಿಲ್ಲಿನ ಗದ್ದಲದಲ್ಲಿ ಕೂಗಿ ಮಾತಾಡಿ ಅಭ್ಯಾಸವಾದವರಿಗೆ ಪಿಸುಮಾತು ಎನ್ನುವುದೇ ಬರುವುದಿಲ್ಲ. ನಮ್ಮ ಮನೆಯಲ್ಲಿ ಗುಟ್ಟು ಅಂತ ಯಾವುದೂ ಉಳಿಯದೇ ಇದ್ದದ್ದಕ್ಕೆ ಅದೇ ಕಾರಣ.

ತಲೆ ಮೇಲೆ ಕೂರಿಸಿಕೊಳ್ಳಲಿಲ್ಲ, ನಿಜ. ನಾನು ಮಾಡಿದ ಸಾರನ್ನು ಒಂದು ದಿನವೂ ಚೆನ್ನಾಗಿದೆ ಎಂದವರಲ್ಲ. ಚೆನ್ನಾಗಿದ್ದರೆ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು, ಇಲ್ಲದಿದ್ದರೆ "ಯಾಕೋ ಹಸಿವಿಲ್ಲ" ಎನ್ನುತ್ತಿದ್ದರು. ನಾನು ಪಕ್ಕದ ಹಳ್ಳಿಯ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಕೆಲಸಕ್ಕೆ ಸೇರಿದಾಗ, "ಇನ್ನು ಮನೇಲಿ ಹಾಲಿಗೆ ನೀರು ಬೆರಸೋ ಹಾಗಿಲ್ಲ, ಪೊಲೀಸ್ನೋರು ಬಂದವ್ರೆ" ಎಂದು ಬೀದಿಗೆಲ್ಲ ಸಾರಿಬಿಟ್ಟರು. ಹಾಲು ತರುವವರು ಎಷ್ಟೇ ಆಣೆ ಪ್ರಮಾಣ ಮಾಡಲಿ, ಮಿಷನ್ನಿಗೆ ಹಾಕಿದ ಮೇಲೆ ಮಾತಿಲ್ಲ. ನನಗೆ ಆ ಕೆಲಸ ಹಿಡಿಸಿದ್ದು ಅದಕ್ಕೇ. ಜನರ ಮಾತಿಗಿಂತ ಮಿಷನ್ನಿನ ಮಾತು ನನಗೆ ಸಲೀಸು.

ಅತ್ತೆಯ ಕಣ್ಣಿನಲ್ಲಿ ಏನೋ ಸರಿಯಿಲ್ಲ ಎಂದು ಅನ್ನಿಸಿದ್ದು ಕೋಳಿಯನ್ನು ನೋಡಿ. ಹಿತ್ತಲಿನಲ್ಲಿ ಕೋಳಿ ಕಾಳು ಹುಡುಕುವಾಗ ಕುತ್ತಿಗೆ ಪೂರ್ತಿ ತಿರುಗಿಸಿ ತಿರುಗಿಸಿ ನೋಡುತ್ತದಲ್ಲ, ಅತ್ತೆಯೂ ತಟ್ಟೆಯ ಪಕ್ಕದ ನೀರಿನ ಚೊಂಬನ್ನು ಹಾಗೆಯೇ ನೋಡುತ್ತಿದ್ದರು. ಹೇಳಿದ್ದಕ್ಕೆ, "ಕೋಳಿ ಜೊತೆ ಹೋಲಿಸ್ತೀಯಾ, ಮೊಟ್ಟೆ ಇಡ್ಲಾ?" ಎಂದರು. ಪಕ್ಕದಿಂದ ಯಾರಾದರೂ ಬಂದು ನಿಂತರೆ ಬೆಚ್ಚಿಬೀಳುತ್ತಿದ್ದರು. ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಂಡು ಬಾಗಿಲನ್ನೇ ಬೈಯುತ್ತಿದ್ದರು. ಆದರೆ ಮಿಲ್ಲಿನಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಸಾಲಾಗಿ ತಿರುಗುವ ಬಾಬಿನ್‌ಗಳ ನಡುವೆ ಎಲ್ಲಿ ಎಳೆ ತುಂಡಾದರೂ ಮೊದಲು ಹೋಗಿ ಗಂಟು ಹಾಕುತ್ತಿದ್ದದ್ದು ಅತ್ತೆಯೇ. ಅವರು ಅದನ್ನು ನೋಡುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದರು. ಎಳೆ ತುಂಡಾದ ಬಾಬಿನ್ ಹಗುರವಾಗಿ ತಿರುಗುತ್ತದಂತೆ, ಅದರ ಸದ್ದೇ ಬೇರೆಯಂತೆ. ಕಣ್ಣು ಕೈಕೊಟ್ಟದ್ದನ್ನು ಕಿವಿ ಎಷ್ಟು ವರ್ಷ ಮುಚ್ಚಿಟ್ಟಿತ್ತೋ ಯಾರಿಗೆ ಗೊತ್ತು.

ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಿಂದ ಬಂದ ಆಟೋ ಅವರಿಗೆ ಕಾಣಲೇ ಇಲ್ಲ. ನಾನು ರಟ್ಟೆ ಹಿಡಿದು ಎಳೆದೆ. ಆಟೋದವನು ಬೈದುಕೊಂಡು ಹೋದ. ಅತ್ತೆ ನನ್ನನ್ನು ಬೈದರು, ರಟ್ಟೆ ನೋವಾಯಿತೆಂದು. ಅದೇ ವಾರ ಊರಿನ ಸ್ಕೂಲಿನಲ್ಲಿ ಕಣ್ಣಿನ ಕ್ಯಾಂಪ್ ಇತ್ತು. ಪೊರೆ ಇರಬೇಕು ಎಂದುಕೊಂಡು ಕರೆದುಕೊಂಡು ಹೋದರೆ, ಅಲ್ಲಿದ್ದವರು ಕಣ್ಣಿನೊಳಗಿನ ಪ್ರೆಷರ್ ಅಳೆದು, ಇದು ಪೊರೆಯಲ್ಲ, ಗ್ಲಾಕೋಮಾ ಇರಬಹುದು, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು.

ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದು ಫೀಲ್ಡ್ ಟೆಸ್ಟ್. ದೊಡ್ಡ ಬಟ್ಟಲಿನಂಥ ಬಿಳಿ ಯಂತ್ರದೊಳಗೆ ಮುಖವಿಟ್ಟು ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಸಣ್ಣ ಬೆಳಕು ಮಿಣುಕಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಅತ್ತೆ ಬಹಳ ಉತ್ಸಾಹದಿಂದ ಒತ್ತಿದರು. ಹೊರಗೆ ಬಂದು, "ಒಂದೂ ಬಿಡ್ಲಿಲ್ಲ ಕಣೇ" ಎಂದು ಬೀಗಿದರು. ಟೆಸ್ಟ್ ಮಾಡುವ ಹುಡುಗಿಯ ಮುಖ ಮಾತ್ರ ಸಪ್ಪೆಯಾಗಿತ್ತು. ಬೆಳಕು ತೋರಿಸದೇ ಇದ್ದಾಗಲೂ ಒತ್ತಿದ್ದಾರೆ, ಇದನ್ನು ನಂಬುವ ಹಾಗಿಲ್ಲ ಎಂದಳು. ಊಟ ಮಾಡಿಸಿಕೊಂಡು ಬಂದು ಮತ್ತೆ ಮಾಡಿಸಿದೆವು. ಮತ್ತೆ ಹಾಗೆಯೇ. ಇನ್ನೊಂದು ದಿನ ಬಂದಾಗಲೂ ಹಾಗೆಯೇ.

"ಅಜ್ಜಿ, ಬೆಳಕು ಕಂಡಾಗ ಮಾತ್ರ ಒತ್ತಿ" ಎಂದು ಆ ಹುಡುಗಿ ಗೋಗರೆದಳು.

"ಕಂಡಾಗ್ಲೇ ಒತ್ತಿದ್ದು. ಇನ್ನೇನು ಕಾಣ್ದೆ ಒತ್ತಕ್ಕೆ ನಂಗೆ ಹುಚ್ಚಾ?"

ಡಾಕ್ಟರಮ್ಮ ಸಿಟ್ಟು ಮಾಡುವವರಲ್ಲ. ಕಣ್ಣಿನ ನರವನ್ನು ನೋಡಿದರೆ ಸವೆದಂತೆ ಇದೆ, ಫೀಲ್ಡ್ ಟೆಸ್ಟ್ ನೋಡಿದರೆ ಎಲ್ಲ ಕಾಣುತ್ತದೆ ಅನ್ನುತ್ತದೆ, ಎರಡೂ ಹೊಂದುತ್ತಿಲ್ಲ ಎಂದರು. "ಇನ್ನೊಂದು ಟೆಸ್ಟ್ ಇದೆ. ಅದ್ರಲ್ಲಿ ನೀವು ಏನೂ ಒತ್ತೋ ಹಾಗಿಲ್ಲ, ಏನೂ ಹೇಳೋ ಹಾಗಿಲ್ಲ. ನಿಮ್ಮ ಕಣ್ಣೇ ಉತ್ತರ ಕೊಡುತ್ತೆ."

"ನಾನು ಸುಮ್ನಿರ್ಬೇಕಾ?"

"ಸುಮ್ನಿದ್ರೆ ಸಾಕು."

"ಅದೇ ಕಷ್ಟ ಕಣಮ್ಮ" ಎಂದರು ಅತ್ತೆ.

ಆ ಟೆಸ್ಟಿನ ಕೋಣೆ ಸಣ್ಣದು, ಮಬ್ಬು ಬೆಳಕಿನದು. ಟೀವಿಯಂಥ ಪರದೆಯ ತುಂಬ ಚದುರಂಗದ ಹಾಸಿನ ಹಾಗೆ ಕಪ್ಪು ಬಿಳಿ ಮನೆಗಳು. ಕಪ್ಪಿದ್ದದ್ದು ಬಿಳಿಯಾಗಿ, ಬಿಳಿಯಿದ್ದದ್ದು ಕಪ್ಪಾಗಿ ಬದಲಾಗುತ್ತಲೇ ಇರುತ್ತವೆ. ಅದನ್ನು ನೋಡುವಾಗ ಕಣ್ಣಿನ ಹಿಂದಿನ ಪದರದಲ್ಲಿ ಒಂದಿಷ್ಟು ವಿದ್ಯುತ್ ಹುಟ್ಟುತ್ತದೆ. ತೀರಾ ಅಲ್ಪ, ರೆಪ್ಪೆ ಬಡಿದರೆ ಸಾಕು, ಆ ಅಲುಗಾಟದಲ್ಲಿ ಕಳೆದುಹೋಗುವಷ್ಟು. ಅದನ್ನು ಹಿಡಿದು ಅಳೆಯುವುದೇ ಈ ಟೆಸ್ಟ್. ಇದೆಲ್ಲ ನನಗೆ ಆಮೇಲೆ ಆಮೇಲೆ ತಿಳಿದದ್ದು. ಅವತ್ತು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ ಅಷ್ಟೇ. ಹಣೆಗೊಂದು, ಕಣ್ಣಿನ ಪಕ್ಕಕ್ಕೊಂದು ಸಣ್ಣ ಬಿಲ್ಲೆ ಅಂಟಿಸಿದರು.

"ಕರೆಂಟ್ ಕೊಡ್ತೀಯೇನಮ್ಮ?" ಎಂದು ಅತ್ತೆ ಕೇಳಿದರು.

"ಇಲ್ಲ ಅಜ್ಜಿ, ನಾವು ಕೊಡಲ್ಲ. ನಿಮ್ಮ ಕಣ್ಣಿಂದ ಬರೋ ಕರೆಂಟ್‌ನ ತಗೋತೀವಿ."

"ಮನೇಲೇ ಕರೆಂಟ್ ಇರಲ್ಲ, ಇನ್ನು ಕಣ್ಣಲ್ಲೆಲ್ಲಿ ಬರ್ಬೇಕು?"

ಹುಡುಗಿ ನಕ್ಕು ಒಂದು ಪೊಟ್ಟಣ ಬಿಡಿಸಿದಳು. ಅದರಿಂದ ಹೊರಬಂದದ್ದು ಒಂದು ಎಳೆ. ಬೆಳ್ಳಿ ಲೇಪಿಸಿದ ನೈಲಾನ್ ಎಳೆಯಂತೆ, ಕೂದಲಿಗಿಂತ ಸಣ್ಣದು. ಅದನ್ನು ಕೆಳರೆಪ್ಪೆಯ ಅಂಚಿನಲ್ಲಿ, ಕಣ್ಣಿಗೆ ತಾಗುವ ಹಾಗೆ ಮಲಗಿಸಬೇಕು. ಎಳೆಯನ್ನು ನೋಡಿದ್ದೇ ಅತ್ತೆ ಸೆಟೆದು ಕೂತರು. ಆಸ್ಪತ್ರೆಗೆ ಬಂದಮೇಲೆ ಅವರಿಗೆ ಗುರುತಿರುವ ವಸ್ತು ಕಂಡದ್ದು ಅದೇ ಮೊದಲು. "ಇದು ಎಷ್ಟು ಎಳೆ ಹುರಿ?" ಎಂದು ಕೇಳಿದರು. ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ರೆಪ್ಪೆಗೆ ಇಟ್ಟ ಎಳೆ ಒಂದು ಸಲ ಜಾರಿತು. ಮತ್ತೊಮ್ಮೆ ಇಡುವಷ್ಟರಲ್ಲಿ ಅತ್ತೆ, "ಕೊಡಿಲ್ಲಿ" ಎಂದು ಅದನ್ನು ಕಿತ್ತುಕೊಂಡು, ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಆ ಗೀರಿನ ಬೆರಳಿಗೂ ಹೆಬ್ಬೆರಳಿಗೂ ನಡುವೆ ಹೊಸೆದು, "ತಗೋ, ಇನ್ನು ಜಾರಲ್ಲ" ಎಂದು ವಾಪಸ್ ಕೊಟ್ಟರು. ಹುಡುಗಿ ಬಾಯಿ ಬಿಟ್ಟುಕೊಂಡು ನಿಂತಳು. ಎಂಜಲಾದ ಎಳೆಯನ್ನು ಕಣ್ಣಿಗೆ ಹಾಕುವ ಹಾಗಿಲ್ಲ. ಅದನ್ನು ಎಸೆದು ಹೊಸ ಪೊಟ್ಟಣ ಒಡೆಯಬೇಕಾಯಿತು. "ಒಳ್ಳೇ ಎಳೆ, ಸುಮ್ನೆ ಹಾಳು ಮಾಡಿದ್ಳು" ಎಂದು ಅತ್ತೆ ಆ ದಿನವೆಲ್ಲ ಹಲುಬಿದರು.

ಎಳೆ ಕೂತಮೇಲೆ ಅವರು ನಿಜವಾಗಿಯೂ ಸುಮ್ಮನಾದರು. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿರಲೇ ಇಲ್ಲ. ಪರದೆಯ ಮೇಲೆ ಮನೆಗಳು ಕಪ್ಪಾಗುತ್ತ ಬಿಳಿಯಾಗುತ್ತ ಇದ್ದವು. ಪಕ್ಕದ ಕಂಪ್ಯೂಟರಿನಲ್ಲಿ ಗೆರೆಯೊಂದು ನಡುಗುತ್ತಿತ್ತು. ಹುಡುಗಿಯ ಮುಖ ನೋಡಿ ನನಗೆ ಗೊತ್ತಾಯಿತು. ಡೇರಿಯಲ್ಲಿ ನೀರುಹಾಲು ತಂದವರ ಮುಂದೆ ನಾನೂ ಅದೇ ಮುಖ ಮಾಡುತ್ತೇನೆ, ಏನೂ ತೋರಿಸಿಕೊಳ್ಳದ ಮುಖ.

ಡಾಕ್ಟರಮ್ಮ ಗೆರೆಯ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. "ಚೆನ್ನಾಗಿರೋ ಕಣ್ಣಲ್ಲಿ ಹೀಗೆ ಒಂದು ಸಣ್ಣ ದಿಬ್ಬ ಬರುತ್ತೆ, ಅದರ ಹಿಂದೇನೇ ಒಂದು ಹಳ್ಳ ಬರುತ್ತೆ. ಆ ಹಳ್ಳ ತೋಡೋದು ನೋಡಿದ್ದನ್ನ ಮಿದುಳಿಗೆ ಮುಟ್ಟಿಸೋ ಕೋಶಗಳು. ನಿಮ್ಮ ಎಡಗಣ್ಣಲ್ಲಿ ಹಳ್ಳ ಅರ್ಧ ಮುಚ್ಕೊಂಡಿದೆ. ಬಲಗಣ್ಣಲ್ಲಿ ಇಲ್ಲವೇ ಇಲ್ಲ ಅನ್ನಬೇಕು."

"ಹಳ್ಳ ಮುಚ್ಕೊಂಡ್ರೆ ಒಳ್ಳೇದಲ್ವಾ?"

"ಇಲ್ಲಿ ಆಳ ಇದ್ರೇ ಒಳ್ಳೇದು."

ಅತ್ತೆ ಸ್ವಲ್ಪ ಹೊತ್ತು ಕೈ ಕೈ ತಿಕ್ಕಿಕೊಂಡರು. "ಹೋಗಿರೋದು ವಾಪಸ್ ಬರುತ್ತಾ?"

"ಬರಲ್ಲ ಅಮ್ಮ. ಆಪರೇಷನ್ ಮಾಡಿ ಪ್ರೆಷರ್ ಇಳಿಸಿದ್ರೆ ಎಡಗಣ್ಣಲ್ಲಿ ಇರೋದನ್ನ ಉಳಿಸ್ಕೋಬಹುದು."

ಡಾಕ್ಟರಮ್ಮ ನನ್ನ ಕಡೆ ತಿರುಗಿ, ಇದು ರಕ್ತಸಂಬಂಧದಲ್ಲಿ ಬರುವ ಕಾಯಿಲೆ, ಮಕ್ಕಳನ್ನು ಕರೆದುಕೊಂಡು ಬನ್ನಿ, ನೀವು ಮಗಳಾ ಎಂದು ಕೇಳಿದರು. ಸೊಸೆ ಎಂದೆ. ಹಾಗಾದರೆ ನಿಮಗೆ ಬೇಡ, ನಿಮ್ಮ ಯಜಮಾನರನ್ನು ಕಳಿಸಿ ಎಂದರು. ಸರಿ ಎಂದು ನಾನು ಎದ್ದೆ. ನನ್ನ ತಲೆಗೆ ಅದು ಹೊಳೆಯಲೇ ಇಲ್ಲ. ಮದುವೆಯಾಗಿ ಬಂದಮೇಲೆ ಎಲ್ಲ ಕಡೆ ಸೊಸೆ ಎಂದೇ ಬರೆಸಿ, ಹೇಳಿ ಅಭ್ಯಾಸವಾಗಿತ್ತು.

ಅತ್ತೆ ಏಳಲಿಲ್ಲ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದರು.

"ಇವಳು ನಮ್ಮಣ್ಣನ ಮಗಳು ಕಣಮ್ಮ" ಎಂದರು. "ನಮ್ಮಣ್ಣನೂ ಕೊನೆಕೊನೇಲಿ ಪಕ್ಕದಲ್ಲಿ ಬಂದೋರ್ನ ಕಾಣ್ತಿರ್ಲಿಲ್ಲ. ಪೊರೆ ಪೊರೆ ಅಂತ ಬಿಟ್ಬಿಟ್ವಿ. ಇವತ್ತೇ ಇವಳಿಗೂ ಹಾಕ್ರಿ ಆ ಎಳೆ."

ಅಪ್ಪ ಹೋದದ್ದು ನನ್ನ ಮದುವೆಯ ಮುಂದಿನ ವರ್ಷ. ಹೊಲದ ಬದುವಿನ ಮೇಲೆ ಎಡವುತ್ತಿದ್ದದ್ದು, ಕರುವಿನ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡು ಬೀಳುತ್ತಿದ್ದದ್ದು ನನಗೂ ನೆನಪಿತ್ತು. ನೆನಪಿದ್ದರೂ ಒಂದಕ್ಕೊಂದು ಸೇರಿಸಿ ನೋಡಿರಲಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ಒಂದು ಸಲ ನೋಡಿದರು.

ಅವತ್ತು ಆಗಲಿಲ್ಲ, ಮುಂದಿನ ವಾರ ಆಯಿತು. ನನ್ನ ಫೀಲ್ಡ್ ಟೆಸ್ಟ್ ಸರಿಯಾಗಿಯೇ ಇತ್ತು, ಎಲ್ಲ ಬೆಳಕೂ ಕಂಡಿತ್ತು. ಪ್ರೆಷರ್ ಕೊಂಚ ಹೆಚ್ಚು. ಎಳೆಯ ಟೆಸ್ಟಿನಲ್ಲಿ ಮಾತ್ರ ಹಳ್ಳ ಇರಬೇಕಾದಷ್ಟು ಆಳ ಇರಲಿಲ್ಲ. ಇದೊಂದರಿಂದಲೇ ಗಟ್ಟಿಯಾಗಿ ಹೇಳುವುದಕ್ಕೆ ಬರುವುದಿಲ್ಲ ಎಂದು ಡಾಕ್ಟರಮ್ಮ ಮತ್ತೊಮ್ಮೆ ಮಾಡಿಸಿದರು, ನರದ ಸ್ಕ್ಯಾನ್ ನೋಡಿದರು. ಆಮೇಲೆ ಹೇಳಿದರು. ಕೋಶಗಳು ಸತ್ತಿಲ್ಲ, ಸೊರಗಿವೆ. ಈಗಿನಿಂದಲೇ ದಿನಾ ಹನಿ ಹಾಕಿಕೊಂಡರೆ ಚೇತರಿಸಿಕೊಂಡರೂ ಚೇತರಿಸಿಕೊಳ್ಳಬಹುದು. ನಿಮಗೆ ಏನೂ ಗೊತ್ತಾಗುವುದಕ್ಕೆ ಮೊದಲೇ ಬಂದಿದ್ದೀರಿ, ಹೀಗೆ ಬರುವವರು ಕಡಿಮೆ. ಬಾವನಿಗೂ ಮಾಡಿಸಿದೆವು. ಅವರ ಹಳ್ಳ ಬಾವಿಯಷ್ಟು ಆಳ ಇತ್ತು. "ನೋಡ್ದಾ, ನನ್ನ ಹೊಟ್ಟೇಲಿ ಹುಟ್ದೋನಿಗೆ ಬರ್ಲಿಲ್ಲ, ನಮ್ಮಣ್ಣನ ಮಗಳಿಗೆ ಬಂತು" ಎಂದರು ಅತ್ತೆ. ಸಮಾಧಾನಕ್ಕೆ ಹೇಳಿದರೋ ಬೇಜಾರಿಗೆ ಹೇಳಿದರೋ ನನಗೆ ತಿಳಿಯಲಿಲ್ಲ.

ಅವತ್ತು ವಾಪಸ್ ಬರುವ ಬಸ್ಸಿನಲ್ಲಿ, ದೇವನಹಳ್ಳಿ ದಾಟಿದ ಮೇಲೆ, ಕೇಳದೆಯೇ ಬಾಯಿಬಿಟ್ಟರು. "ಆ ಬಟ್ಟಲು ಮಿಷನ್ ಬೆಳಕು ಬಿಡೋ ಮುಂಚೆ ಟಿಕ್ ಅನ್ನುತ್ತೆ ಕಣೇ. ಸದ್ದು ಕೇಳ್ದಾಗೆಲ್ಲ ಒತ್ತಿದೆ. ಬೆಳಕು ಬರ್ದಿದ್ರೂ ಟಿಕ್ ಅನ್ನುತ್ತೆ ಅಂತ ನಂಗೇನು ಗೊತ್ತು?"

"ಯಾಕೆ ಅತ್ತೆ ಹಂಗೆ ಮಾಡಿದ್ರಿ?"

"ಒಂದು ಬಿಟ್ರೂ ಮಿಲ್ಲಿಗೆ ಹೋಗ್ಬೇಡ ಅಂತ ಮನೇಲಿ ಕೂರಿಸ್ತಿದ್ರಿ."

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆಗೆ ಅದು ಕಾಣಿಸಲಿಲ್ಲ. ಮಾರನೆಯ ದಿನ ತಾವೇ ಮಿಲ್ಲಿಗೆ ಹೋಗಿ, ಕಣ್ಣು ಹೋಗಿದೆ, ಇನ್ನು ಬರಲ್ಲ ಎಂದು ಹೇಳಿ ಬಂದರು. ಎಡಗಣ್ಣಿನ ಆಪರೇಷನ್ನಿಗೂ ಒಪ್ಪಿದರು.

ಆಪರೇಷನ್ ಕೆಲವು ವರ್ಷ ತಡೆಯಿತು. ಆಮೇಲೆ ನಿಧಾನವಾಗಿ ಎಡಗಣ್ಣೂ ಮುಚ್ಚಿಕೊಳ್ಳುತ್ತ ಬಂತು. ಕಿಂಡಿಯಿಂದ ನೋಡಿದ ಹಾಗೆ ನಡುವೆ ಒಂದಿಷ್ಟು ಕಾಣುತ್ತದೆ ಎನ್ನುತ್ತಿದ್ದರು, ಕೊನೆಗೆ ಅದನ್ನೂ ಹೇಳುವುದು ಬಿಟ್ಟರು. ಮನೆ ಕೆಲಸ ಮಾತ್ರ ಬಿಡಲಿಲ್ಲ. ಮುದ್ದೆ ಅವರೇ ಕಟ್ಟಬೇಕು. ಬಾಗಿಲನ್ನು ಬೈಯುವುದೂ ನಿಲ್ಲಲಿಲ್ಲ.

ನನ್ನ ಹನಿಗೆ ಅವರೇ ಗಡಿಯಾರ. ಸಂಜೆ ಡೇರಿ ಮುಗಿಸಿ ಬಂದು, ಕೈಕಾಲು ತೊಳೆದು ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯಿಂದ ಕೂಗು ಬರುತ್ತಿತ್ತು, "ಹನಿ ಹಾಕ್ಕೊಂಡ್ಯೇನೇ?" ತಮ್ಮ ಹನಿಯನ್ನು ಎಷ್ಟೋ ದಿನ ಮರೆತರೂ ನನ್ನದನ್ನು ಮರೆಯಲಿಲ್ಲ. ಹಾಕಿಕೊಂಡೆ ಎಂದರೆ ನಂಬುತ್ತಿರಲಿಲ್ಲ. ಹತ್ತಿರ ಕರೆದು ಕೆನ್ನೆ ಸವರಿ, ಒದ್ದೆಯಿದೆಯೇ ಎಂದು ನೋಡುತ್ತಿದ್ದರು. ಆ ಗೀರು ಕೆನ್ನೆಗೆ ತಗಲುತ್ತಿತ್ತು. ಅದನ್ನು ಮುದ್ದು ಎಂದು ತಪ್ಪು ತಿಳಿಯಬಾರದು. ಡೇರಿಯಲ್ಲಿ ನಾನು ಹಾಲು ಪರೀಕ್ಷೆ ಮಾಡಿದ ಹಾಗೆ ಅವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದರು.

ಅಪ್ಪನ ತಿಥಿಯ ದಿನ ಒಮ್ಮೆ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದೆ. ಹನಿಯ ಹೊತ್ತಾಗಿತ್ತು, ಅಳುತ್ತಲೇ ಬಾಟಲಿಗೆ ಕೈ ಹಾಕಿದೆ. ಫ್ರಿಜ್ಜಿನ ಬಾಗಿಲ ಸದ್ದು ಕೇಳಿ ಅತ್ತೆ ಗೋಡೆ ಹಿಡಿದುಕೊಂಡು ಬಂದರು.

"ಅಳ್ತಾ ಇದೀಯೇನೇ?"

"ಇಲ್ಲ ಅತ್ತೆ."

"ಸುಳ್ಳು ಹೇಳ್ಬೇಡ. ಅತ್ಕೊಂಡು ಹನಿ ಹಾಕ್ಕೋಬೇಡ, ಎಲ್ಲ ಕೊಚ್ಕೊಂಡು ಹೋಗುತ್ತೆ. ಮೊದ್ಲು ಅತ್ತು ಮುಗ್ಸು. ಆಮೇಲೆ ಹಾಕ್ಕೋ. ನಾನು ಕಾಯ್ತೀನಿ."

ಅಲ್ಲೇ ಹೊಸ್ತಿಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಾದರು. ಯಾರೋ ಕಾಯುತ್ತಿದ್ದಾರೆ ಎಂದರೆ ಅಳು ಎಲ್ಲಿಂದ ಬರಬೇಕು? ನನಗೆ ನಗುವೇ ಬಂತು. ನಕ್ಕರೂ ಒದ್ದೆಯಾಗುತ್ತೆ, ಅದನ್ನೂ ಮುಗಿಸು ಎಂದರು.

ವರ್ಷಕ್ಕೊಮ್ಮೆ ನನಗೆ ಎಳೆಯ ಟೆಸ್ಟ್. ಮುಗಿಸಿ ಬಂದರೆ ಚಪ್ಪಲಿ ಬಿಡುವುದಕ್ಕೆ ಮೊದಲೇ ಅತ್ತೆ ಎಡಗೈ ಚಾಚುತ್ತಿದ್ದರು. ಬಾಯಲ್ಲಿ ಹೇಳಿದರೆ ಅವರಿಗೆ ಆಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಬಂದ ಗೆರೆಯನ್ನು ನಾನು ಅವರ ಅಂಗೈ ಮೇಲೆ ಬೆರಳಿನಿಂದ ಎಳೆದು ತೋರಿಸಬೇಕಿತ್ತು. ಮಣಿಕಟ್ಟಿನ ಹತ್ತಿರ ಶುರುಮಾಡಿ, ಒಂದು ಸಣ್ಣ ದಿಬ್ಬ ಹತ್ತಿಸಿ, ಆಮೇಲೆ ಇಳಿಸುತ್ತಿದ್ದೆ.

"ಹಳ್ಳ ಎಷ್ಟು ಆಳ? ಒತ್ತಿ ತೋರ್ಸು."

ಒತ್ತಿ ತೋರಿಸುತ್ತಿದ್ದೆ.

"ಹೋದ್ಸಲದಷ್ಟೇ ಇದ್ಯಾ?"

"ಅಷ್ಟೇ ಇದೆ ಅತ್ತೆ. ಒಂಚೂರು ಜಾಸ್ತೀನೇ ಇದೆ ಅಂದ್ರು."

"ಹ್ಞೂಂ" ಎಂದು ಕೈ ಮುಚ್ಚಿಕೊಳ್ಳುತ್ತಿದ್ದರು. ಮುಷ್ಟಿ ಬಿಗಿಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತಿರುತ್ತಿದ್ದರು. ಆಮೇಲೆ, ಸಾರಿಗೆ ಏನು ಮಾಡ್ತೀಯಾ ಎಂದು ಕೇಳುತ್ತಿದ್ದರು. ಅವರ ಕಣ್ಣಿನ ವಿಷಯ ನಾವಿಬ್ಬರೂ ಎತ್ತುತ್ತಿರಲಿಲ್ಲ. ಅವರ ಗೆರೆ ಎಂದೋ ಸಪಾಟಾಗಿತ್ತು.

ಅವರು ಹೋದದ್ದು ಕಣ್ಣಿನಿಂದಲ್ಲ, ಎದೆಯಿಂದ. ಬೆಳಿಗ್ಗೆ ಎದ್ದು, ಟೀ ಕುಡಿದು, ಬಾಗಿಲಲ್ಲಿ ಬಿಸಿಲಿಗೆ ಕೂತವರು ಹಾಗೆಯೇ ಗೋಡೆಗೆ ಒರಗಿಕೊಂಡರು. ಬಾವ ಫೋನ್ ಮಾಡಿದಾಗ ನಾನು ಡೇರಿಯಲ್ಲಿದ್ದೆ. ಬರುವಷ್ಟರಲ್ಲಿ ಮುಗಿದಿತ್ತು. ಸೂಲಿಬೆಲೆ ಕಡೆಯವರು ಬಂದರು, ಮಿಲ್ಲಿನವರು ಬಂದರು. ಅವತ್ತು ಸಂಜೆ ಎಲ್ಲ ಮುಗಿಸಿ, ತಲೆಗೆ ನೀರು ಹಾಕಿಕೊಂಡು ಬಂದಾಗ ಹನಿಯ ಹೊತ್ತಾಗಿತ್ತು. ಫ್ರಿಜ್ಜಿನ ಬಾಗಿಲಲ್ಲಿ ಅವರ ಬಾಟಲಿ, ನನ್ನ ಬಾಟಲಿ ಅಕ್ಕಪಕ್ಕದಲ್ಲಿದ್ದವು. ನನ್ನದನ್ನು ತೆಗೆದು ಹಾಕಿಕೊಂಡೆ. ಕಣ್ಣು ಒಣಗಿತ್ತು, ಹನಿ ಚೆನ್ನಾಗಿ ಕೂತಿತು. ಪಡಸಾಲೆಯಿಂದ ಯಾರೂ ಕೂಗಲಿಲ್ಲ.

ಹನ್ನೊಂದನೆಯ ದಿನವೂ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಡೇರಿಗೆ ಹೋದೆ, ಹಾಲು ನೋಡಿದೆ, ಮನೆಗೆ ಬಂದೆ. ಮುದ್ದೆ ನಾನೇ ಕಟ್ಟಿದೆ, ಗಂಟಾಯಿತು, ಬಾವ ಮಾತಾಡದೆ ಉಂಡರು. ಅವರು ಮೊದಲೇ ಮಾತು ಕಡಿಮೆ, ಅಮ್ಮ ಹೋದಮೇಲೆ ಇನ್ನೂ ಕಡಿಮೆಯಾದರು. ಮನೆಯಲ್ಲಿ ಕೂಗುವವರಿಲ್ಲದೆ ನಮ್ಮಿಬ್ಬರಿಗೂ ಕಿವಿ ಮಂದವಾದ ಹಾಗಿತ್ತು. ದುಃಖ ಎಂದರೆ ಹೀಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕೈಯನ್ನು ದಿಂಬಿನಡಿ ಇಟ್ಟು ಮಲಗಿ ಎದ್ದಾಗ ಜೋಮು ಹಿಡಿದಿರುತ್ತದಲ್ಲ, ಕೈ ಇದೆ, ಆದರೆ ನಮ್ಮದಲ್ಲ ಅನ್ನಿಸುತ್ತದಲ್ಲ, ತಿಂಗಳುಗಟ್ಟಲೆ ಹಾಗಿತ್ತು.

ಕಳೆದ ತಿಂಗಳು ಟೆಸ್ಟಿನ ದಿನ ಬಂತು. ಒಬ್ಬಳೇ ಹೋದೆ. ಆ ಹುಡುಗಿ ಈಗ ಹುಡುಗಿಯಲ್ಲ, ಎರಡು ಮಕ್ಕಳ ತಾಯಿ. ಪೊಟ್ಟಣ ಒಡೆಯುವಾಗ, "ನಿಮ್ಮತ್ತೆ ಹೇಗಿದಾರೆ? ಎಳೇನ ಬಾಯಿಗೆ ಇಟ್ಕೊಂಡಿದ್ರಲ್ಲ" ಎಂದು ನಕ್ಕಳು. ಇಲ್ಲ, ಹೋದರು ಎಂದೆ. ಆಮೇಲೆ ಎಳೆಯನ್ನು ಮೆತ್ತಗೆ ರೆಪ್ಪೆಯ ಅಂಚಿಗೆ ಮಲಗಿಸಿದಳು. ನಾನು ಪರದೆಯ ನಡುವಿನ ಕೆಂಪು ಚುಕ್ಕೆಯನ್ನೇ ನೋಡಿದೆ. ರೆಪ್ಪೆ ಬಡಿಯಲಿಲ್ಲ. ಬಹಳ ಚೆನ್ನಾಗಿ ಬಂದಿದೆ, ಎಲ್ಲರೂ ನಿಮ್ಮ ಹಾಗೆ ಸುಮ್ಮನೆ ಕೂತರೆ ನಮ್ಮ ಕೆಲಸ ಎಷ್ಟು ಸಲೀಸು ಎಂದಳು. ಡಾಕ್ಟರಮ್ಮ ಹೋದ ವರ್ಷದ ಚಿತ್ರದ ಪಕ್ಕ ಈ ವರ್ಷದ್ದನ್ನು ಇಟ್ಟು ನೋಡಿ, ಹಾಗೆಯೇ ಇದೆ, ಹನಿ ಬಿಡಬೇಡಿ ಎಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಹಾಗೆಯೇ ಇದೆ ಎನ್ನುವ ಮಾತು ಬಾಯಲ್ಲಿಯೇ ಉಳಿದಿತ್ತು. ಅಷ್ಟು ಒಳ್ಳೆಯ ಸುದ್ದಿಯನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಮನೆ ತಲುಪಿದಾಗ ಬಾವ ಪಡಸಾಲೆಯಲ್ಲಿ ಅತ್ತೆ ಕೂರುತ್ತಿದ್ದ ಜಾಗದಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ಚಪ್ಪಲಿ ಬಿಡುತ್ತಿದ್ದೆ.

"ಏನಂದ್ರು?"

"ಹಂಗೇ ಇದೆ ಅಂದ್ರು ಬಾವ."

ಅವರು ಎಡಗೈ ಚಾಚಿದರು. ನನಗೆ ಅರ್ಥವಾಗಲಿಲ್ಲ. ನೀರು ಬೇಕಾ ಎಂದು ಕೇಳಿದೆ.

"ಹಳ್ಳ ಎಷ್ಟು ಆಳ?" ಎಂದರು. "ಒತ್ತಿ ತೋರ್ಸು."

ಅತ್ತೆಗೆ ಪಿಸುಗುಟ್ಟುವುದು ಎಲ್ಲಿ ಬರುತ್ತಿತ್ತು, ಗೋಡೆಯಾಚೆ ಕೂತಿದ್ದ ಬಾವನಿಗೆ ಕೇಳಿಸದಿರುವುದಕ್ಕೆ? ಇಷ್ಟು ವರ್ಷ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ನಾನು ಎದುರಿಗೆ ಕೂತು ಅವರ ಕೈ ಹಿಡಿದುಕೊಂಡೆ. ಅಗಲ ಕೈ, ಅತ್ತೆಯದರ ಹಾಗೆಯೇ. ಮಣಿಕಟ್ಟಿನ ಹತ್ತಿರ ಶುರುಮಾಡಿದೆ. ದಿಬ್ಬ ಹತ್ತಿಸಿದೆ. ಹಳ್ಳಕ್ಕೆ ಇಳಿಸಿ ಒತ್ತುವಾಗ ಬೆರಳು ಅಲ್ಲೇ ನಿಂತುಬಿಟ್ಟಿತು, ಮೇಲಕ್ಕೆ ಎಳೆಯಲು ಆಗಲಿಲ್ಲ. ಅವರ ಅಂಗೈ ಒದ್ದೆಯಾದದ್ದನ್ನು ನೋಡಿದ ಮೇಲೆಯೇ ನಾನು ಅಳುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು.

ದೀಪ ಹಚ್ಚುವ ಹೊತ್ತಾಗಿತ್ತು. ಬಾವ ಎದ್ದು ಫ್ರಿಜ್ಜಿನಿಂದ ಬಾಟಲಿ ತಂದು ಪಕ್ಕದಲ್ಲಿಟ್ಟು ಮತ್ತೆ ಕೂತರು. ಹಾಕಿಕೋ ಎನ್ನಲಿಲ್ಲ. ಮೊದಲು ಅತ್ತು ಮುಗಿಸಬೇಕು ಎನ್ನುವುದು ಅವರಿಗೂ ಗೊತ್ತಿತ್ತು.

ಅವತ್ತು ಹನಿ ಹಾಕಿಕೊಳ್ಳುವುದು ಬಹಳ ತಡವಾಯಿತು.